ಸೇವ್ ಮಾಡಿದ ತಕ್ಷಣ ಬ್ರೌಸರ್ ತಾನೇ ರಿಲೋಡ್ ಆಗುವಂತೆ ಮಾಡೋದು ಹೇಗೆ?

ಪ್ರಶ್ನೆ:
ಫೈಲ್ ಬದಲಾದರೆ ನನ್ನ ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಸರ್ವರ್ ತಾನೇ ರೀಸ್ಟಾರ್ಟ್ ಆಗುತ್ತದೆ. ಬ್ರೌಸರ್‌ನಲ್ಲಿ ಎಫ್5 ಮಾತ್ರ ನಾನೇ ಒತ್ತಬೇಕು. ಇಷ್ಟಕ್ಕೆ ಸುಮ್ನೆ ಬಂಡ್ಲರ್ (ಕೋಡ್ ಫೈಲ್‌ಗಳನ್ನು ಒಟ್ಟುಗೂಡಿಸುವ ಟೂಲ್) ಯಾಕೆ ಅಂತ. ಬೇರೆ ದಾರಿ ಇದೆಯಾ?

ಉತ್ತರ 1:
ಬಂಡ್ಲರ್ ಖಂಡಿತ ಬೇಡ. ಸರ್ವರ್‌ನಲ್ಲಿ ಒಂದು ಇವೆಂಟ್ ಸ್ಟ್ರೀಮ್ ರೂಟ್ (ಬ್ರೌಸರ್‌ಗೆ ಸಂದೇಶ ಕಳಿಸುತ್ತಲೇ ಇರುವ ವಿಳಾಸ) ಇಡಿ, ರೆಸ್ಪಾನ್ಸ್ ಮುಗಿಸದೆ ತೆರೆದೇ ಬಿಡಿ. ಪುಟದಲ್ಲಿ ಇವೆಂಟ್‌ಸೋರ್ಸ್‌ನಿಂದ (ಇಂಥ ಸ್ಟ್ರೀಮ್ ಕೇಳಲು ಬ್ರೌಸರ್‌ನಲ್ಲೇ ಇರುವ ಸೌಲಭ್ಯ) ಅದಕ್ಕೆ ಕನೆಕ್ಟ್ ಮಾಡಿ. ಸರ್ವರ್ ರೀಸ್ಟಾರ್ಟ್ ಆದಾಗ ಕನೆಕ್ಷನ್ ಕಡಿಯುತ್ತದೆ, ಇವೆಂಟ್‌ಸೋರ್ಸ್ ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಪ್ರಯತ್ನಿಸುತ್ತದೆ, ಹಾಗೆ 'ಓಪನ್' ಇವೆಂಟ್ ಎರಡನೇ ಸಲ ಬಂತು ಅಂದರೆ ಹೊಸ ಸರ್ವರ್ ಎದ್ದಿದೆ ಅಂತ ಅರ್ಥ, ಆಗ ಲೊಕೇಶನ್ ರಿಲೋಡ್ ಕರೆದರೆ ಆಯಿತು. ಒಂದು ವಿಷಯ: ಕನೆಕ್ಟ್ ಆದ ಕೂಡಲೇ ಹೆಡರ್ ಫ್ಲಶ್ ಮಾಡಿ, ಅಂದರೆ ರೆಸ್ಪಾನ್ಸ್‌ನ ಆರಂಭದ ಮಾಹಿತಿಯನ್ನು ತಡೆಯದೆ ಕಳಿಸಿಬಿಡಿ. ಇಲ್ಲದಿದ್ದರೆ 'ಓಪನ್' ಬರುವುದೇ ಇಲ್ಲ.

ಉತ್ತರ 2:
ಬ್ರೌಸರ್ ಮತ್ತು ನಿಮ್ಮ ಸರ್ವರ್ ಮಧ್ಯೆ ಪ್ರಾಕ್ಸಿಯಾಗಿ (ಮಧ್ಯವರ್ತಿ ಸರ್ವರ್) ಎನ್‌ಜಿನ್‌ಎಕ್ಸ್ ಇದ್ದರೆ ಹುಷಾರು. ಸರ್ವರ್ ಏಳುವ ಮೊದಲೇ ಬ್ರೌಸರ್ ಕೇಳಿದರೆ 502 (ಹಿಂದಿನ ಸರ್ವರ್ ಸಿಗುತ್ತಿಲ್ಲ ಎಂಬ ಎರರ್) ಸಿಗುತ್ತದೆ, ಅದನ್ನು ಕಂಡರೆ ಇವೆಂಟ್‌ಸೋರ್ಸ್ ಪೂರ್ತಿ ಕೈಬಿಡುತ್ತದೆ. ಎರರ್ ಬಂದಾಗ ಇವೆಂಟ್‌ಸೋರ್ಸ್‌ನ ರೆಡಿಸ್ಟೇಟ್ 2 (ಮುಚ್ಚಿದೆ ಅಂತ ಅರ್ಥ) ಆಗಿದೆಯಾ ನೋಡಿ, ಒಂದು ಸೆಕೆಂಡ್ ಬಿಟ್ಟು ಹೊಸದನ್ನು ತೆರೆಯಿರಿ. ಪ್ರಾಕ್ಸಿ ಬಫರಿಂಗ್ (ರೆಸ್ಪಾನ್ಸ್ ಅನ್ನು ಮಧ್ಯದಲ್ಲೇ ಕೂಡಿಟ್ಟುಕೊಳ್ಳುವುದು) ಕೂಡ ಆಫ್ ಮಾಡಿ.

ಉತ್ತರ 3:
ಜಾಸ್ತಿ ಟ್ಯಾಬ್ ತೆರೆಯುವ ಅಭ್ಯಾಸ ಇದೆಯಾ? ಎಚ್‌ಟಿಟಿಪಿ 1.1ರಲ್ಲಿ ಒಂದು ಹೋಸ್ಟ್‌ಗೆ ಬ್ರೌಸರ್ ಕೊಡುವುದು 6 ಕನೆಕ್ಷನ್ ಅಷ್ಟೇ, ಪ್ರತಿ ಟ್ಯಾಬ್‌ನ ಸ್ಟ್ರೀಮ್ ಒಂದನ್ನು ಹಿಡಿದಿಡುವುದರಿಂದ ಏಳನೇ ಟ್ಯಾಬ್ ಸುಮ್ನೆ ತಿರುಗುತ್ತಾ ಕೂರುತ್ತದೆ. ಆಮೇಲೆ ಈ ಸ್ಕ್ರಿಪ್ಟ್ ಡೆವಲಪ್‌ಮೆಂಟ್‌ನಲ್ಲಿ ಮಾತ್ರ ಇರಲಿ, ಲೈವ್‌ಗೆ ಹೋದರೆ ಪ್ರತಿ ಡಿಪ್ಲಾಯ್‌ಗೂ (ಹೊಸ ಕೋಡ್ ಏರಿಸಿದಾಗೆಲ್ಲ) ಪುಟ ರಿಲೋಡ್ ಆಗಿ ಬಳಕೆದಾರರು ತುಂಬುತ್ತಿದ್ದ ಫಾರ್ಮ್ ಹಾರಿಹೋಗುತ್ತದೆ.