ಫಾಸ್ಟರ್ ಕೇರ್: ತಮ್ಮನನ್ನು ಮಾತ್ರ ಕರೆತಂದರೆ ತಪ್ಪಾಗುತ್ತಾ?

ದಾವಣಗೆರೆ ಗೃಹಿಣಿ:
ಫಾಸ್ಟರ್ ಕೇರ್‌ಗೆ, ಅಂದರೆ ದತ್ತು ತಗೊಳ್ಳದೆ ಮಗುವನ್ನು ಮನೆಯಲ್ಲಿಟ್ಟು ಸಾಕುವುದಕ್ಕೆ, ಅರ್ಜಿ ಹಾಕಿದ್ದೇವೆ, ಮನೆಗೆ ಬಂದು ನೋಡಿಕೊಂಡೂ ಹೋಗಿದ್ದಾರೆ. ಒಬ್ಬ ಹುಡುಗ ಸಾಕು ಅಂತ ಕೇಳಿದ್ದೆವು. ಈಗ ಹೇಳುತ್ತಿರುವ ಹುಡುಗನಿಗೆ ಹತ್ತು ವರ್ಷ, ಆದರೆ ಅವನಿಗೆ ಹದಿಮೂರರ ಅಕ್ಕ ಇದ್ದಾಳೆ. ಇವನು ಬಾಲಕರ ಬಾಲಮಂದಿರದಲ್ಲಿ, ಅವಳು ಬಾಲಕಿಯರದ್ದರಲ್ಲಿ. ನಮ್ಮದು ಎರಡು ರೂಮಿನ ಮನೆ, ಇಬ್ಬರಾದರೆ ಖರ್ಚು ಜಾಸ್ತಿ ಅಂತ ಯಜಮಾನರಿಗೆ ಭಯ. ಸದ್ಯಕ್ಕೆ ಇವನು ಬರಲಿ, ಅವಳ ವಿಷಯ ಆಮೇಲೆ ನೋಡೋಣ ಅಂದರೆ ತಪ್ಪಾ?

ಕಾನೂನು ಓದುವವ:
2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್‌ನಲ್ಲೇ ಇದೆ ಮೇಡಂ. ಒಡಹುಟ್ಟಿದವರನ್ನು ಒಟ್ಟಿಗೆ ಇಡಲು ಎಲ್ಲ ಪ್ರಯತ್ನ ಮಾಡಬೇಕು, ಬೇರೆ ಇಡುವುದೇ ಮಕ್ಕಳಿಗೆ ಒಳ್ಳೆಯದಾದರೆ ಮಾತ್ರ ಬೇರೆ. ನಿರ್ಧಾರ ಮಕ್ಕಳ ಕಲ್ಯಾಣ ಸಮಿತಿಯದು, ಆದರೂ ನೀವು ಏನು ಕೇಳುತ್ತೀರಿ ಅನ್ನೋದರ ಮೇಲೆ ತುಂಬಾ ನಿಂತಿರುತ್ತದೆ. ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರಿ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಇಬ್ಬರಿಗೂ ಕೇಳಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಬರವಣಿಗೆಯಲ್ಲೇ ಕೇಳಿ.

ಇಬ್ಬರ ಅಮ್ಮ:
ನಮ್ಮನೆಗೆ ಅಕ್ಕ ತಮ್ಮ ಒಟ್ಟಿಗೇ ಬಂದರು. ಮೊದಮೊದಲು ಊಟಕ್ಕೆ ಕೂತರೆ ಅವಳು ತನ್ನ ಮೊಟ್ಟೆಯನ್ನು ಸದ್ದಿಲ್ಲದೆ ಅವನ ತಟ್ಟೆಗೆ ಹಾಕಿ ಬರೀ ಸಾರನ್ನ ತಿನ್ನುತ್ತಿದ್ದಳು, ಇನ್ನೂ ಇದೆ ತಗೋ ಅಂತ ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ. ಅಲ್ಲಿಯವರೆಗೂ ಅವನಿಗೆ ಅವಳೇ ಅಮ್ಮ. ಅಂಥವಳನ್ನು ಅಲ್ಲೇ ಬಿಟ್ಟು ಅವನನ್ನು ಮಾತ್ರ ಕರೆತಂದರೆ ಅವನು ನಿಮ್ಮ ಹತ್ತಿರ ಬರೋದೇ ಕಷ್ಟ ಕಣಮ್ಮ. ಆದರೆ ಒಂದು ಮಾತು, ತಮ್ಮನನ್ನು ನೋಡ್ಕೋ ಅಂತ ಅವಳ ತಲೆಗೆ ಕಟ್ಟಬೇಡಿ. ಅವಳಿಗೂ ಆಡೋ ವಯಸ್ಸು. ರೂಮು ಅವಳಿಗೆ ಕೊಡಿ, ಹುಡುಗ ಹಾಲ್‌ನಲ್ಲಿ ಮಲಗುತ್ತಾನೆ.

ಹಳೇ ವಿದ್ಯಾರ್ಥಿ:
ನಾನು ಬಾಲಮಂದಿರದಲ್ಲಿ ಬೆಳೆದವನು. ತಂಗಿ ಬೇರೆ ಊರಲ್ಲಿದ್ದಳು, ನೋಡಿಸುತ್ತೇವೆ ಅಂತ ಎಲ್ಲರೂ ಹೇಳುತ್ತಿದ್ದರು, ಯಾವಾಗ ಅಂತ ಮಾತ್ರ ಯಾರೂ ಹೇಳುತ್ತಿರಲಿಲ್ಲ. ಈ "ಆಮೇಲೆ" ಅನ್ನೋದನ್ನು ದಯವಿಟ್ಟು ನಂಬಬೇಡಿ. ನಿಜವಾಗಲೂ ಇಬ್ಬರು ಆಗೋದೇ ಇಲ್ಲ ಅಂದರೆ, ಇಬ್ಬರನ್ನೂ ಒಪ್ಪುವ ಬೇರೆ ಮನೆ ಇದೆಯಾ ಅಂತ ಮೊದಲು ಸಮಿತಿಯನ್ನು ಕೇಳಿ. ಅದೂ ಇಲ್ಲವಾದರೆ ಯಾವ ವಾರ ಭೇಟಿ, ಯಾವ ದಿನ ಫೋನು, ಹಬ್ಬಕ್ಕೆ ಯಾರ ಮನೆ, ಎಲ್ಲ ಆದೇಶದಲ್ಲೇ ಬರೆಸಿ.

ದಾವಣಗೆರೆ ಗೃಹಿಣಿ:
ಯಜಮಾನರಿಗೆ ಎಲ್ಲ ಓದಿ ಹೇಳಿದೆ. ಮೊದಲು ಆ ಹುಡುಗಿಯನ್ನು ನೋಡಿ ಮಾತಾಡಿಸೋಣ, ಅವಳಿಗೂ ಬರೋಕೆ ಇಷ್ಟ ಇದೆಯಾ ಕೇಳೋಣ ಅಂದರು. ಸೋಮವಾರ ಘಟಕಕ್ಕೆ ಹೋಗುತ್ತೇವೆ. ಅರ್ಜಿಯಲ್ಲಿ ಒಬ್ಬರು ಅಂತ ಇರೋದನ್ನು ತಿದ್ದಬಹುದಾ, ಹೊಸದಾಗಿ ಕೊಡಬೇಕಾ, ಗೊತ್ತಿರುವವರು ಹೇಳಿ.