ದಿಗ್ಗಜರ ಬೇಸ್‌ಬಾಲ್ ಕಾರ್ಡ್‌ಗಳು: ಮಗಳ ಸಂಗ್ರಹಕ್ಕೆ ಅನುಭವಿಗಳ ಸಲಹೆ ಬೇಕು

ಕೋರಿಕೆ

ನಾವು ಪಿಟ್ಸ್‌ಬರ್ಗ್ ಸಮೀಪ ನೆಲೆಸಿರುವ ಕನ್ನಡ ಕುಟುಂಬ. ಲಿಟಲ್ ಲೀಗ್‌ನಲ್ಲಿ ಆಡುವ ನಮ್ಮ ಮಗಳಿಗೆ ಈಗಿನವರಿಗಿಂತ ಹಳೆಯ ಆಟಗಾರರ ಮೇಲೆಯೇ ಒಲವು ಹೆಚ್ಚು. ರೊಬೆರ್ಟೊ ಕ್ಲೆಮೆಂಟೆ, ಹ್ಯಾಂಕ್ ಆರನ್, ಜಾಕಿ ರಾಬಿನ್‌ಸನ್ ಅವರ ಚಿತ್ರ, ಅಂಕಿಅಂಶಗಳಿರುವ ಕಾರ್ಡ್‌ಗಳು ಬೇಕೆನ್ನುತ್ತಾಳೆ. ತಿಂಗಳಿಗೆ 50 ಡಾಲರ್ ಇದಕ್ಕೆಂದು ತೆಗೆದಿಡಬಲ್ಲೆವು. ರೂಕಿ ಕಾರ್ಡ್‌ಗಳನ್ನೇ (ಆಟಗಾರರ ಮೊತ್ತಮೊದಲ ಕಾರ್ಡ್‌ಗಳನ್ನೇ) ಹುಡುಕಬೇಕೆ, ಗ್ರೇಡಿಂಗ್ ಆದವನ್ನೇ (ಸ್ಥಿತಿ ಪರೀಕ್ಷಿಸಿ ಅಂಕ ಕೊಟ್ಟವನ್ನೇ) ಕೊಳ್ಳಬೇಕೆ, ನಕಲಿಯನ್ನು ಗುರುತಿಸುವುದು ಹೇಗೆ ಎಂಬುದನ್ನು ಈ ಹವ್ಯಾಸದಲ್ಲಿ ಪಳಗಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ರೂಕಿ ಕಾರ್ಡ್‌ಗಳ ಆಸೆಯನ್ನು ಸದ್ಯಕ್ಕೆ ಬದಿಗಿಡಿ ಎಂಬುದೇ ನನ್ನ ಮೊದಲ ಮಾತು. ಆರನ್ ಅವರ 1954ರ ಟಾಪ್ಸ್ ಕಂಪನಿಯ ಕಾರ್ಡ್ ಆಗಲಿ, ಕ್ಲೆಮೆಂಟೆ ಅವರ 1955ರ ಟಾಪ್ಸ್ ಕಾರ್ಡ್ ಆಗಲಿ, ಮೂಲೆ ಸವೆದು ನಡುವೆ ಮಡಿಕೆ ಬಿದ್ದಿದ್ದರೂ ನಿಮ್ಮ ಎಷ್ಟೋ ತಿಂಗಳ ಹಣವನ್ನು ಒಮ್ಮೆಗೇ ಕೇಳುತ್ತವೆ. ಸುದ್ದಿಯಾಗುವ ಬೆಲೆಗಳನ್ನಂತೂ ಅಳತೆಗೋಲಾಗಿ ಇಟ್ಟುಕೊಳ್ಳಲೇಬೇಡಿ. ಮಿಕಿ ಮ್ಯಾಂಟಲ್ ಅವರ 1952ರ ಟಾಪ್ಸ್ ಕಾರ್ಡ್ ಒಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯಿತು. ಆದರೆ ಅದು ಅವರ ರೂಕಿ ಕಾರ್ಡ್ ಕೂಡ ಅಲ್ಲ, 1951ರಲ್ಲೇ ಬೋಮನ್ ಕಂಪನಿ ಅವರದೊಂದು ಕಾರ್ಡ್ ಹೊರತಂದಿತ್ತು. ಆ ಕಾರ್ಡ್ ಇದ್ದ 1952ರ ಕೊನೆಯ ಸರಣಿಯು ಆಟದ ಋತು ಮುಗಿಯುತ್ತ ಬಂದಾಗ ಅಂಗಡಿಗೆ ತಲುಪಿ ಮಾರಾಟವಾಗದೆ ಉಳಿಯಿತು. ಗೋದಾಮಿನಲ್ಲಿ ಜಾಗ ತಿನ್ನುತ್ತಿದ್ದ ಆ ಪೆಟ್ಟಿಗೆಗಳನ್ನು 1960ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದೆವೆಂದು ಟಾಪ್ಸ್‌ನ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು.

ಅದೇ ಆಟಗಾರರು ಆಡುತ್ತಿದ್ದ ಕಾಲದಲ್ಲೇ ಅಚ್ಚಾದ, ಅವರ ವೃತ್ತಿಯ ಕೊನೆಯ ವರ್ಷಗಳ ಕಾರ್ಡ್‌ಗಳು ನಿಮ್ಮ ಕೈಗೆಟುಕುತ್ತವೆ, ಮತ್ತು ಅವುಗಳಲ್ಲಿ ಹೇಳಿಕೊಳ್ಳುವಂಥ ಸಂಗತಿಗಳು ಧಾರಾಳವಾಗಿವೆ. ನನಗೆ ಅತ್ಯಂತ ಪ್ರಿಯವಾದದ್ದು 1974ರ ಟಾಪ್ಸ್ ಸರಣಿಯ ಒಂದನೇ ಸಂಖ್ಯೆಯ ಕಾರ್ಡ್. ಅದು ಆರನ್ ಅವರನ್ನು ಸಾರ್ವಕಾಲಿಕ ಹೋಮ್ ರನ್ (ಒಂದೇ ಹೊಡೆತದಲ್ಲಿ ಎಲ್ಲ ಬೇಸ್‌ಗಳನ್ನೂ ಸುತ್ತಿ ಬರುವುದು) ದೊರೆಯೆಂದು ಸಾರುತ್ತದೆ. ಆದರೆ ಕಾರ್ಡ್ ಅಚ್ಚಾದಾಗ ಅವರು ನಿಂತಿದ್ದದ್ದು 713ರಲ್ಲಿ, ಬೇಬ್ ರೂತ್ ಅವರ ಹಳೆಯ ದಾಖಲೆಯಾದ 714ಕ್ಕೆ ಇನ್ನೂ ಒಂದು ಕಡಿಮೆ. ದಾಖಲೆ ಮುರಿದದ್ದು ಆ ವರ್ಷದ ಏಪ್ರಿಲ್ 8ರಂದು. ಆ ಚಳಿಗಾಲದಲ್ಲಿ ಆರನ್ ಅವರಿಗೆ ಬಂದ ಜನಾಂಗದ್ವೇಷದ ಬೆದರಿಕೆ ಪತ್ರಗಳನ್ನು ನೆನೆದರೆ, ಆ ಕಾರ್ಡಿನ ಮುಂಗಡ ಭರವಸೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಸರಣಿಯ 2ರಿಂದ 6ರ ವರೆಗಿನ ಕಾರ್ಡ್‌ಗಳಲ್ಲಿ ಅವರ 1954ರಿಂದೀಚಿನ ಹಳೆಯ ಟಾಪ್ಸ್ ಕಾರ್ಡ್‌ಗಳ ಪುಟ್ಟ ಚಿತ್ರಗಳಿವೆ. ರೂಕಿ ಕಾರ್ಡನ್ನು ಕೊಳ್ಳಲಾಗದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಇದರ ಜೊತೆಗೆ 1976ರ 550ನೇ ಕಾರ್ಡ್ ಕೊಂಡರೆ, ಹಿಂಬದಿಯ ಅಂಕಿಅಂಶಗಳಲ್ಲಿ ಹೋಮ್ ರನ್ ಮೊತ್ತ 745ಕ್ಕೆ ಏರಿರುವುದನ್ನು ಮಗಳೇ ಓದಿಕೊಳ್ಳಬಹುದು. ಉಳಿದ ಹತ್ತನ್ನು ಅವರು ಆ ಋತುವಿನಲ್ಲಿ ಹೊಡೆದು 755ಕ್ಕೆ ನಿಲ್ಲಿಸಿದರು.

ಪಿಟ್ಸ್‌ಬರ್ಗ್‌ನಲ್ಲಿದ್ದು ಕ್ಲೆಮೆಂಟೆ ಅವರಿಂದ ಆರಂಭಿಸದಿದ್ದರೆ ಹೇಗೆ? ಪೋರ್ಟೊ ರಿಕೊದ ಈ ಮನುಷ್ಯ ತನ್ನ ಹೆಸರನ್ನು ಸರಿಯಾಗಿ ಹೇಳಿ ಎಂದು ಎಷ್ಟು ಕೇಳಿಕೊಂಡರೂ, 1957ರಿಂದ 1969ರ ವರೆಗೆ ಟಾಪ್ಸ್ ಕಾರ್ಡ್‌ಗಳು ಅವರನ್ನು ‘ಬಾಬ್’ ಎಂದೇ ಅಚ್ಚು ಹಾಕಿದವು. ಅರವತ್ತರ ದಶಕದ ಸವೆದ ಕಾರ್ಡೊಂದನ್ನೂ 1970ರ ನಂತರದ ಒಂದನ್ನೂ ಅಕ್ಕಪಕ್ಕ ಇಡಿಸಿ, ಹೆಸರು ಮರಳಿ ಬಂದದ್ದು ಕಣ್ಣಿಗೇ ಕಾಣುತ್ತದೆ. 1973ರ 50ನೇ ಕಾರ್ಡ್ ಹೊರಬರುವ ವೇಳೆಗೆ ಅವರೇ ಇರಲಿಲ್ಲ. ಸರಿಯಾಗಿ 3000 ಹಿಟ್‌ಗಳೊಂದಿಗೆ (ಚೆಂಡು ಹೊಡೆದು ಬೇಸ್ ತಲುಪುವುದು) ಋತು ಮುಗಿಸಿ, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಪತನಗೊಂಡು 1972ರ ಡಿಸೆಂಬರ್ 31ರಂದು ತೀರಿಕೊಂಡರು. ಮಧ್ಯಮ ಸ್ಥಿತಿಯ ಆ ಕಾರ್ಡ್ ನಿಮ್ಮ ಒಂದು ತಿಂಗಳ ಹಣದೊಳಗೇ ಸಿಗಬಹುದು.

ಎರಡನೆಯ ಉತ್ತರ

ಗ್ರೇಡಿಂಗ್ ಮತ್ತು ನಕಲಿಗಳ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಕಡಿಮೆ ಬೆಲೆಯ ಎಪ್ಪತ್ತರ ದಶಕದ ಕಾರ್ಡ್‌ಗಳಿಗೆ ಗ್ರೇಡಿಂಗ್ ಬೇಕಿಲ್ಲ, ಏಕೆಂದರೆ ಅದರ ಶುಲ್ಕವೇ ಕಾರ್ಡಿನ ಬೆಲೆಯನ್ನು ಮೀರಬಹುದು. ನೂರಾರು ಡಾಲರ್ ಬಾಳುವ ಕಾರ್ಡ್ ಆದರೆ, ಪಿಎಸ್‌ಎ ಅಥವಾ ಎಸ್‌ಜಿಸಿ ಎಂಬ ಗ್ರೇಡಿಂಗ್ ಸಂಸ್ಥೆ ಪರೀಕ್ಷಿಸಿ ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಹಾಕಿದ್ದನ್ನೇ ಕೊಳ್ಳಿ, ಮತ್ತು ಕವಚದ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಕಾರ್ಡಿನೊಂದಿಗೆ ಹೋಲಿಸಿ ನೋಡಿ, ಏಕೆಂದರೆ ಕವಚಗಳೂ ನಕಲಾಗುತ್ತವೆ. ಹತ್ತರಲ್ಲಿ ಒಂದು ಅಥವಾ ಎರಡು ಅಂಕ ಪಡೆದ ಕಾರ್ಡ್ ಆದರೂ ಅಡ್ಡಿಯಿಲ್ಲ, ಮುಖದ ಮೇಲೆ ಮಡಿಕೆ ಹಾಯದೆ ಚಿತ್ರ ಮಾತ್ರ ಚೊಕ್ಕವಾಗಿರಬೇಕು.

ಬಿಡಿ ಕಾರ್ಡ್ ನೋಡುವಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಜೊತೆಗಿರಲಿ. ಅಸಲಿಯಲ್ಲಿ ಚಿತ್ರವು ಬಣ್ಣದ ಚುಕ್ಕೆಗಳಿಂದ ಕೂಡಿರುತ್ತದೆ, ಆದರೆ ಕಪ್ಪು ಅಕ್ಷರ ಮತ್ತು ಚೌಕಟ್ಟಿನ ಗೆರೆ ಗಟ್ಟಿಯಾಗಿ, ಅಖಂಡವಾಗಿ ಅಚ್ಚಾಗಿರುತ್ತವೆ. ಅಸಲಿಯ ಫೋಟೋ ತೆಗೆದು ಮಾಡಿದ ನಕಲಿಯಲ್ಲಿ ಅಕ್ಷರಗಳೂ ಚುಕ್ಕೆಗಳಾಗಿ ಒಡೆದಿರುತ್ತವೆ. ಅಳತೆಯನ್ನೂ ನೋಡಿ: 1957ರಿಂದ ಟಾಪ್ಸ್ ಕಾರ್ಡಿನ ಅಳತೆ ಎರಡೂವರೆ ಅಂಗುಲಕ್ಕೆ ಮೂರೂವರೆ ಅಂಗುಲ. ಮೂಲೆ ಚೂಪಾಗಿ ಕಾಣಲೆಂದು ಅಂಚು ಕತ್ತರಿಸಿದ ಕಾರ್ಡ್ ಇದಕ್ಕಿಂತ ಕಿರಿದಾಗಿರುತ್ತದೆ. ಬೆಲೆಯನ್ನು ಮಾತ್ರ ಮಾರುವವರು ಕೇಳಿದ್ದರಿಂದಲ್ಲ, ಇ‌ಬೇಯಲ್ಲಿ ಈಗಾಗಲೇ ಮಾರಾಟವಾದ ಕಾರ್ಡ್‌ಗಳ ಪಟ್ಟಿಯಿಂದ ತಿಳಿದುಕೊಳ್ಳಿ.

ಮೂರನೆಯ ಉತ್ತರ

ಮೇಲಿನವರಿಬ್ಬರ ಮಾತು ಒಪ್ಪುತ್ತೇನೆ, ಆದರೆ ರಾಬಿನ್‌ಸನ್ ಅವರ ವಿಷಯದಲ್ಲಿ ಕೊನೆಯ ವರ್ಷಗಳ ಕಾರ್ಡ್ ಕೊಳ್ಳುವ ಸೂತ್ರ ನಡೆಯುವುದಿಲ್ಲ. ಅವರು ಡಾಡ್ಜರ್ಸ್ ತಂಡಕ್ಕೆ ಆಡಿದ್ದು 1947ರಿಂದ 1956ರ ವರೆಗೆ ಮಾತ್ರ. ಕೊನೆಯ ವರ್ಷಗಳ ಕಾರ್ಡ್‌ಗಳೂ ಅಗ್ಗವಲ್ಲ. ಹೀಗಾಗಿ ಕೆಲವು ತಿಂಗಳು ಏನನ್ನೂ ಕೊಳ್ಳದೆ ಹಣ ಕೂಡಿಟ್ಟು, 1956ರ ಟಾಪ್ಸ್ ಸರಣಿಯ 30ನೇ ಕಾರ್ಡನ್ನು ಕೆಳದರ್ಜೆಯಲ್ಲಾದರೂ ಒಂದು ಕೊಳ್ಳಿ ಎನ್ನುತ್ತೇನೆ. ಅಲ್ಲಿಯವರೆಗೆ, 1952ರ ಸರಣಿಯನ್ನು ಟಾಪ್ಸ್ ಕಂಪನಿಯೇ 1983ರಲ್ಲಿ ಮರುಮುದ್ರಣವೆಂದು ನಮೂದಿಸಿ ಹೊರತಂದದ್ದರಲ್ಲಿ ಅವರ ಕಾರ್ಡ್ ಇದೆ. ಮರುಮುದ್ರಣವೆಂದು ತಿಳಿದೇ ಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ.

ಮಗಳಿಗೆ ಜಾಶ್ ಗಿಬ್ಸನ್ ಅವರ ಹೆಸರನ್ನೂ ಹೇಳಿ. ಪಿಟ್ಸ್‌ಬರ್ಗ್‌ನಲ್ಲೇ, ಕಪ್ಪು ಆಟಗಾರರಿಗೆಂದು ಪ್ರತ್ಯೇಕವಾಗಿದ್ದ ನೀಗ್ರೋ ಲೀಗ್‌ಗಳಲ್ಲಿ ಆಡಿದವರು. 2024ರಲ್ಲಿ ಆ ಲೀಗ್‌ಗಳ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದಾಗ .372 ಬ್ಯಾಟಿಂಗ್ ಸರಾಸರಿಯೊಂದಿಗೆ, ಅದುವರೆಗೆ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್ ಅವರನ್ನೂ ಹಿಂದಿಕ್ಕಿದರು. ಆದರೆ ಬಿಳಿಯ ಆಟಗಾರರ ಕಾರ್ಡ್‌ಗಳು ಕೋಟಿಗಟ್ಟಲೆ ಅಚ್ಚಾಗುತ್ತಿದ್ದ ಕಾಲದಲ್ಲಿ ಅಮೆರಿಕದ ದೊಡ್ಡ ಕಂಪನಿಗಳು ಅವರದೊಂದನ್ನೂ ತರಲಿಲ್ಲ. ನಂತರದ ಕಾಲದಲ್ಲಿ ಬಂದ ಗೌರವಾರ್ಥ ಕಾರ್ಡ್ ಒಂದನ್ನಾದರೂ ಸಂಗ್ರಹದಲ್ಲಿ ಇಡಿ.

ಸಂರಕ್ಷಣೆ ಸುಲಭ. ಕಾರ್ಡನ್ನು ಪಿವಿಸಿ ಇಲ್ಲದ ತೆಳು ಸ್ಲೀವ್‌ನಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಮೊದಲು ತೂರಿಸಿ, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆಯಲ್ಲಿಡಿ. ನೇರವಾಗಿ ಟಾಪ್‌ಲೋಡರ್‌ಗೆ ತುರುಕಿದರೆ ಮೂಲೆ ಮುರಿಯುತ್ತದೆ. ಬೇಸ್‌ಮೆಂಟ್‌ನ ತೇವದಲ್ಲಿ ಇಡದೆ, ಬಿಸಿಲು ಬೀಳದ ಮಲಗುವ ಕೋಣೆಯ ಬೀರುವಿನಲ್ಲಿಟ್ಟರೆ ಸಾಕು.