ರೆಡ್ ಬುಲ್ ಕೊಟ್ಟ ಲೆಕ್ಕ ಮಿತಿಯೊಳಗೇ ಇತ್ತಲ್ಲ, ಮತ್ತೆ ದಂಡ ಯಾಕೆ?

ಲ್ಯಾಪ್‌ಟೈಮ್:
2021ರ ಎಫ್1 (ಫಾರ್ಮುಲಾ 1 ಕಾರ್ ರೇಸ್) ಕಾಸ್ಟ್ ಕ್ಯಾಪ್, ಅಂದ್ರೆ ತಂಡಗಳ ವಾರ್ಷಿಕ ಖರ್ಚಿನ ಮಿತಿ, ಅದರ ತೀರ್ಪು ಓದ್ತಿದ್ದೆ. ರೆಡ್ ಬುಲ್ ತಂಡ ಒಪ್ಪಿಸಿದ ಖರ್ಚು 11,42,93,000 ಪೌಂಡ್, ಮಿತಿ 11,80,36,000. ಅಂದ್ರೆ 37 ಲಕ್ಷ ಉಳಿಕೆ. ಆದರೂ 18,64,000 ಪೌಂಡ್ ಮೀರಿದೆ ಅಂತ ರೇಸ್‌ನ ನಿಯಮ ಮಾಡೋ ಸಂಸ್ಥೆ ಎಫ್‌ಐಎ ಹೇಳ್ತು. ಬಿಲ್‌ಗಳು ಅವೇ, ಲೆಕ್ಕ ಮಾತ್ರ ಬೇರೆ ಬಂದದ್ದು ಹೇಗೆ? ಆಡಿಟ್ ಆದ ಬ್ಯಾಲೆನ್ಸ್ ಶೀಟ್ ನೋಡಿದ್ರೆ ಸಾಕಲ್ವಾ?

ಜಮಾಖರ್ಚು:
ಸಾಲದು. ಕ್ಯಾಪ್‌ಗೆ ಬೇರೆಯದೇ ಲೆಕ್ಕ. ಮೊದಲು ತಂಡಕ್ಕಾಗಿ ಖರ್ಚು ಮಾಡೋ ಎಲ್ಲ ಕಂಪನಿಗಳನ್ನೂ ಒಂದು ಗುಂಪಾಗಿ ಹಿಡಿದು, ಜನವರಿಯಿಂದ ಡಿಸೆಂಬರ್‌ವರೆಗಿನ ಒಟ್ಟು ಖರ್ಚು ತೆಗೀತಾರೆ. ಅದರಲ್ಲಿ ಡ್ರೈವರ್ ಸಂಬಳ, ಅತಿ ಹೆಚ್ಚು ಸಂಬಳದ ಮೂವರು, ಮಾರ್ಕೆಟಿಂಗ್, ಎಂಜಿನ್ ಪೂರೈಕೆ, ಬಡ್ಡಿ, ಆದಾಯ ತೆರಿಗೆ, ಸವಕಳಿ ಇವನ್ನೆಲ್ಲ ಕಳೀತಾರೆ. ಯಂತ್ರೋಪಕರಣಗಳಿಗೆ ಬೇರೆಯೇ ಮಿತಿ ಇದೆ. ಆಮೇಲೆ ಹೊಂದಾಣಿಕೆ: ಸೋದರ ಕಂಪನಿ ಅಗ್ಗಕ್ಕೆ ಕೊಟ್ಟ ಮಾಲಿಗೆ ನ್ಯಾಯವಾದ ಬೆಲೆ ಕಟ್ಟಿ ಸೇರಿಸಬೇಕು. ಹೀಗೆ ಬಂದ ಮೊತ್ತವನ್ನ ಮುಂದಿನ ಮಾರ್ಚ್ 31ರೊಳಗೆ ಆಡಿಟರ್ ವರದಿ ಸಮೇತ ಒಪ್ಪಿಸಬೇಕು.

ಎಡವೋದು ಹೆಚ್ಚಾಗಿ ಕಳೆಯೋ ಹಂತದಲ್ಲಿ. ರೆಡ್ ಬುಲ್‌ನ 13 ಬಾಬ್ತು ತಪ್ಪಾಗಿತ್ತು. ಸಿಬ್ಬಂದಿಯ ಊಟದ ಖರ್ಚನ್ನ ಹೊರಗಿಟ್ಟಿದ್ರು. ಸಂಬಳದ ಮೇಲೆ ಕಂಪನಿ ಕಟ್ಟೋ ಸಾಮಾಜಿಕ ಭದ್ರತಾ ವಂತಿಗೆ, ಬೋನಸ್, ಅಪ್ರೆಂಟಿಸ್ ಲೆವಿ (ತರಬೇತಿಗಾಗಿ ಕಂಪನಿ ಕಟ್ಟೋ ತೆರಿಗೆ), ಪ್ರಯಾಣ, ದಾಸ್ತಾನು ಇವೂ ಆ ಪಟ್ಟಿಯಲ್ಲಿವೆ. ಒಟ್ಟು 56,07,000 ಪೌಂಡ್ ಏರಿತು. ನಿಮ್ಮ 37 ಲಕ್ಷ ಕರಗಿ, ಮೇಲೆ 18 ಲಕ್ಷ ಚಿಲ್ಲರೆ ಬಂದದ್ದು ಹೀಗೆ.

ಗೇರ್‌ಬಾಕ್ಸ್ ಮಂಜ:
ದಾಸ್ತಾನಿನ ವಿಷಯ ಬಿಡಿಸಿ ಹೇಳ್ತೀನಿ, ಅದರಲ್ಲೇ ಮಜಾ ಇರೋದು. 8 ಫ್ರಂಟ್ ವಿಂಗ್ ಮಾಡಿದ್ರು ಅಂದ್ಕೊಳ್ಳಿ. 5 ಕಾರಿಗೆ ಬಿದ್ವು, 3 ಶೆಲ್ಫ್‌ನಲ್ಲೇ ಉಳಿದ್ವು. ಐದರದ್ದು ಆ ವರ್ಷದ ಖರ್ಚು, ತಕರಾರಿಲ್ಲ. ಉಳಿದ ಮೂರು ಮುಂದಿನ ಕಾರಿಗೆ ಆಗೋ ಹಾಗಿದ್ರೆ ಅದು ದಾಸ್ತಾನು. ಆದ್ರೆ 2022ಕ್ಕೆ ಕಾರಿನ ನಿಯಮವೇ ಬದಲಾಯ್ತು, ಹಳೇ ವಿಂಗ್ ಗುಜರಿ. ಇಂಥ ಬಳಸದ ಭಾಗಗಳ ನಿಯಮವನ್ನ ರೆಡ್ ಬುಲ್ ಓದಿದ್ದೇ ಒಂದು ಥರ, ಎಫ್‌ಐಎ ಓದಿದ್ದೇ ಇನ್ನೊಂದು ಥರ.

ಹಾಗಾಗಿ ಪ್ರತಿ ಭಾಗಕ್ಕೂ ಸೀರಿಯಲ್ ನಂಬರ್, ತಯಾರಿಕೆಯ ಖರ್ಚು, ಮೊದಲು ಕಾರಿಗೆ ಹಾಕಿದ ದಿನ, ಕಿತ್ತ ಕಾರಣ ಬರೆದಿರಬೇಕು. ಅಪಘಾತದಲ್ಲಿ ಮುರಿದ ಫ್ಲೋರ್‌ಗೆ (ಕಾರಿನ ತಳಭಾಗ) ರಿಯಾಯಿತಿ ಇಲ್ಲ, ಬದಲಿ ಫ್ಲೋರ್ ಕೂಡ ಕ್ಯಾಪ್ ಒಳಗೇ. ಸೀಸನ್ ಕೊನೆಗೆ ಎರಡು ದೊಡ್ಡ ಅಪಘಾತ ಆದ್ರೆ ಅಪ್‌ಗ್ರೇಡ್‌ಗೆ ಇಟ್ಟ ದುಡ್ಡು ಅಲ್ಲೇ ಹೋಗುತ್ತೆ.

ಲ್ಯಾಪ್‌ಟೈಮ್:
ಥ್ಯಾಂಕ್ಸ್ ಮಂಜಣ್ಣ. ಮೀರಿದ್ದು ಬರೀ 0.37% ಅಂತಾರಲ್ಲ, ಅದು ಎಲ್ಲಿಂದ ಬಂತು?

ಜಮಾಖರ್ಚು:
ತೆರಿಗೆ ಕ್ರೆಡಿಟ್‌ನಿಂದ, ಅಂದ್ರೆ ತೆರಿಗೆಯಲ್ಲಿ ಸಿಗೋ ರಿಯಾಯಿತಿ. ರೆಡ್ ಬುಲ್ ಆ ಕ್ರೆಡಿಟ್ಟನ್ನ ಸರಿಯಾಗಿ ತೋರಿಸಿದ್ರೆ ಮೀರಿದ್ದು 4,32,652 ಪೌಂಡ್, ಅಂದ್ರೆ 0.37% ಆಗ್ತಿತ್ತು ಅಂತ ಎಫ್‌ಐಎಯೇ ಒಪ್ಪಿದೆ. ತೋರಿಸದ ಕಾರಣ ಅಧಿಕೃತ ಅಂಕಿ 1.6%. ಎರಡೂ 5%ಗಿಂತ ಕಡಿಮೆ, ಅಂದ್ರೆ ಸಣ್ಣ ಉಲ್ಲಂಘನೆಯೇ. ತಂಡ ತಪ್ಪೊಪ್ಪಿ ಎಫ್‌ಐಎ ಜೊತೆ ಒಪ್ಪಂದದ ಮೂಲಕ ಮುಗಿಸಿದಾಗ ಚಾಂಪಿಯನ್‌ಷಿಪ್ ಅಂಕ ಕಡಿತ ಮಾಡೋ ಹಾಗಿಲ್ಲ. ಆದ್ದರಿಂದ 70 ಲಕ್ಷ ಡಾಲರ್ ದಂಡ, ಜೊತೆಗೆ ವಿಂಡ್ ಟನಲ್ (ಗಾಳಿ ಹಾಯಿಸಿ ಕಾರಿನ ವಿನ್ಯಾಸ ಪರೀಕ್ಷಿಸೋದು) ಮತ್ತು ಸಿಎಫ್‌ಡಿ (ಅದನ್ನೇ ಕಂಪ್ಯೂಟರ್‌ನಲ್ಲಿ ಮಾಡೋದು) ಪರೀಕ್ಷೆಯಲ್ಲಿ 10% ಕಡಿತ. ಚಾಂಪಿಯನ್ ತಂಡಕ್ಕೆ ಈ ಪರೀಕ್ಷೆಗಳಲ್ಲಿ ಮೊದಲೇ 70% ಪಾಲು ಮಾತ್ರ, ಅದು 63%ಗೆ ಇಳೀತು. ನನ್ನ ಪ್ರಕಾರ ದಂಡಕ್ಕಿಂತ ನೋವಾಗಿದ್ದು ಇದೇ.

ಸ್ಪ್ರೆಡ್‌ಶೀಟ್ ಸುಬ್ಬಿ:
ಒಂದು ಬಿಟ್ಟುಹೋಯ್ತು, ಸಿಬ್ಬಂದಿಯ ಸಮಯ. ದೊಡ್ಡ ತಂಡಗಳಿಗೆ ಎಫ್1 ಅಲ್ಲದ ಎಂಜಿನಿಯರಿಂಗ್ ಕಂಪನಿಗಳೂ ಇವೆ. ಒಬ್ಬ ಎಂಜಿನಿಯರ್ 60% ಸಮಯ ಅಲ್ಲಿ ಅಂತ ಟೈಮ್‌ಶೀಟ್‌ನಲ್ಲಿದ್ರೆ ಸಂಬಳದ 60% ಕ್ಯಾಪ್‌ನಿಂದ ಹೊರಗೆ. ಆದ್ರೆ ಅಲ್ಲಿ ಕಲಿತದ್ದನ್ನ ಎಫ್1 ಕಾರಿಗೆ ಬಳಸಿದ್ರೆ? ಅದಕ್ಕೇ 2023ರಲ್ಲಿ ಟಿಡಿ45 ಅನ್ನೋ ಎಫ್‌ಐಎ ತಾಂತ್ರಿಕ ಸೂಚನೆ ಬಂತು: ಆ ಜ್ಞಾನದ ಖರ್ಚೂ ಕ್ಯಾಪ್‌ಗೇ ಬರಬೇಕು. ಇನ್ನು 2026ರ 21.5 ಕೋಟಿ ಡಾಲರ್ ಮಿತಿ ನೋಡಿ ಭಾರೀ ಏರಿಕೆ ಅಂದ್ಕೊಳ್ಳಬೇಡಿ. ಮೊದಲು ಹೊರಗಿದ್ದ ಹಲವು ಬಾಬ್ತು ಈಗ ಒಳಗೆ ಬಂದಿವೆ, ಹಳೆಯ 13.5 ಕೋಟಿಯ ಪಕ್ಕ ಹಾಗೇ ಇಟ್ಟು ನೋಡೋಕಾಗಲ್ಲ.